ದುರುಗವ್ವನ ಹಲ್ಲು

ಬಲು ಹಿಂದಿನ ಮಾತು ಇದು. ಎಷ್ಟು ಹಿಂದಿನದು ಎಂದು ಕೇಳಬೇಡಿ, ಹೇಳಿಕೊಟ್ಟವರಿಗೇ ಅದು ಗೊತ್ತಿರಲಿಲ್ಲ. ಹೊಳೆಗೆ ಸೇತುವೆ ಕಟ್ಟಬಹುದು ಎಂಬುದು ಯಾರ ಕನಸಿಗೂ ಬಾರದ ಕಾಲ. ಆ ಕಾಲದಲ್ಲಿ ಹೊಳೆಯ ದಂಡೆಗೆ ಕರೆಮಡು ಎಂಬ ಒಂದೂರು ಇತ್ತಂತೆ. ಊರಿನ ಕೆಳಗೆ ಹೊಳೆ ಕರಿಬಂಡೆಗಳನ್ನು ಸುತ್ತಿಕೊಂಡು ಹೋಗುವಲ್ಲಿ ಒಂದು ಮಡು. ಊರಿಗೆ ಹೆಸರು ಬಂದದ್ದು ಆ ಮಡುವಿನಿಂದ, ಅನ್ನ ಬಂದದ್ದೂ ಅದರಿಂದ, ಸಾವು ಬಂದದ್ದೂ ಅದರಿಂದಲೇ.

ಊರ ತುಂಬ ಅಂಬಿಗರು. ಹರಗೋಲು ಹಾಕುವುದು, ಬಲೆ ಬಿಡುವುದು ಅವರ ಕೆಲಸ. ಬಲೆಯ ಬುಡಕ್ಕೆ ಕಲ್ಲು ಕಟ್ಟಿ ಮಡುವಿಗೆ ಇಳಿಸುತ್ತಿದ್ದರು. ಕಲ್ಲು ಇಳಿಯುವಾಗ ಹಗ್ಗ ಕೈಗೋ ಕಾಲಿಗೋ ಸುತ್ತಿಕೊಂಡರೆ ಮುಗಿಯಿತು, ಕಲ್ಲಿನ ಜೊತೆಗೆ ಮನುಷ್ಯರೂ ಕೆಳಗೆ. ಅದಕ್ಕೇ ಆ ಊರಲ್ಲಿ ಸೊಂಟಕ್ಕೆ ಒಂದು ಮಡಚುವ ಚೂರಿ ಸಿಕ್ಕಿಸಿಕೊಳ್ಳದೆ ಯಾರೂ ಹರಗೋಲು ಹತ್ತುತ್ತಿರಲಿಲ್ಲ. ಮೊದಲ ಸಲ ಹೊಳೆಗೆ ಹೋಗುವವರು ಕಮ್ಮಾರ ಮೋನಪ್ಪನ ಕುಲುಮೆಗೆ ಹೋಗಿ ತಮ್ಮ ಚೂರಿ ಆರಿಸಿಕೊಳ್ಳಬೇಕು. ಅದು ಅಲ್ಲಿನ ಪದ್ಧತಿ. ಹೆಣ್ಣು ನೋಡುವುದಕ್ಕೂ ಅಷ್ಟು ಹೊತ್ತು ಹಿಡಿಯುವುದಿಲ್ಲ ಎಂದು ಮಂದಿ ನಗುತ್ತಿದ್ದರಂತೆ.

ಈ ಮೋನಪ್ಪನ ಬಗ್ಗೆ ಏನೇನು ಹೇಳುತ್ತಾರೆ ಗೊತ್ತೇ? ಅವನ ಚೂರಿ ನೀರಲ್ಲಿ ತೇಲುವ ಕೂದಲನ್ನು ಉದ್ದಕ್ಕೆ ಸೀಳುತ್ತಿತ್ತಂತೆ. ಅವನು ಸುತ್ತಿಗೆ ಎತ್ತಿದರೆ ಆಚೆ ದಂಡೆಯ ಹಕ್ಕಿಗಳು ಹಾರುತ್ತಿದ್ದವಂತೆ. ಮಂದಿಯ ಬಾಯಿಗೆ ಬಾಗಿಲು ಇದೆಯೇ, ಹೇಳುತ್ತಾರೆ. ಆದರೆ ಒಂದು ಮಾತು ಮಾತ್ರ ನಿಜ. ಅವನು ಮುಚ್ಚಿದ ಚೂರಿ ತಾನಾಗಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಅವನಪ್ಪನ ಕಾಲದಲ್ಲಿ ಒಬ್ಬ ಅಂಬಿಗ ಹರಗೋಲಿನಿಂದ ದಂಡೆಗೆ ಜಿಗಿದಾಗ ಸೊಂಟದ ಚೂರಿ ಬಿಚ್ಚಿಕೊಂಡು ಹೊಟ್ಟೆಗೆ ಇಳಿದಿತ್ತು. ಅಪ್ಪ ಆ ಕೊರಗಿನಲ್ಲೇ ಸತ್ತ. ಮಗ ಅಂದಿನಿಂದ ಕೀಲನ್ನು ಎಷ್ಟು ಬಿಗಿ ಮಾಡಿದನೆಂದರೆ, ಒಂದು ಕೈಯಲ್ಲಿ ಹಿಡಿ ಹಿಡಿದು ಇನ್ನೊಂದು ಕೈಯ ಉಗುರನ್ನು ಅಲಗಿನ ಗೆರೆಗೆ ಸಿಕ್ಕಿಸಿ ಎಳೆದರೆ ಮಾತ್ರ ಚೂರಿ ಬಿಚ್ಚಬೇಕು. ‘ಮೋನಪ್ಪ ಮುಚ್ಚಿದ್ದು ಯಮ ಬಂದರೂ ಬಿಚ್ಚದು’ ಎಂದು ಊರಲ್ಲಿ ಗಾದೆಯೇ ಆಯಿತು. ಆ ಗಾದೆ ಕೇಳಿದಾಗಲೆಲ್ಲ ಮೋನಪ್ಪ ಮೀಸೆಯ ಮೇಲೆ ಕೈ ಇಡುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು, ಕಮ್ಮಾರನಿಗೆ ತನ್ನ ಕೀಲು ಮುದ್ದು.

ಅದೇ ಊರಲ್ಲಿ ಯಂಕವ್ವ ಎಂಬ ಅಂಬಿಗರ ಹೆಣ್ಣುಮಗಳು. ಗಂಡನನ್ನು ಜ್ವರ ಒಯ್ದಿತ್ತು. ಉಳಿದದ್ದು ಒಬ್ಬಳೇ ಮಗಳು, ದುರುಗವ್ವ. ಮೋನಪ್ಪನಿಗೂ ಅವನ ಹೆಂಡತಿ ಕಾಳಮ್ಮನಿಗೂ ಮಕ್ಕಳಿರಲಿಲ್ಲ. ದುರುಗವ್ವ ಆಡಿ ಬೆಳೆದದ್ದೆಲ್ಲ ಆ ಕುಲುಮೆಯ ಬೂದಿಯಲ್ಲೇ. ಮೋನಪ್ಪನಿಗೆ ಅವಳೆಂದರೆ ಪ್ರಾಣ. ಅಪ್ಪನ ಹರಗೋಲು ತಾನೇ ಹಾಕುತ್ತೇನೆಂದು ಅವಳು ಸೆರಗು ಕಟ್ಟಿ ನಿಂತಾಗ, ಚೂರಿ ಆರಿಸಲು ಬಾ ಎಂದು ಅವನೇ ಕರೆದ.

ಚಾಪೆಯ ಮೇಲೆ ಚೂರಿಗಳನ್ನು ಹರವಿ ಇಟ್ಟಿದ್ದ. ದುರುಗವ್ವ ಒಂದೊಂದನ್ನೂ ಎತ್ತಿ ನೋಡಿದಳು, ಕೆಳಗಿಟ್ಟಳು. ಆಮೇಲೆ ಅವಳ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ಒಂದು ಹಳೆಯ ಚೂರಿಯ ಮೇಲೆ ಹೋಯಿತು. ಮೋನಪ್ಪನ ಅಪ್ಪ ಮಾಡಿದ್ದು ಅದು. ಮಸೆದು ಮಸೆದು ಅಲಗು ಸವೆದಿತ್ತು, ಕೀಲು ಸಡಿಲವಾಗಿತ್ತು. ಅವಳು ಅದನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ದೂಡಿದಳು, ಬಿಚ್ಚಿಕೊಂಡಿತು. ಮುಚ್ಚಿದಳು, ಮತ್ತೆ ಬಿಚ್ಚಿದಳು. ಇದೇ ಬೇಕು ಎಂದಳು.

ಮೋನಪ್ಪ ಅದನ್ನು ಅವಳ ಕೈಯಿಂದ ನಗುನಗುತ್ತಲೇ ತೆಗೆದುಕೊಂಡ.

“ಅದು ನಮ್ಮಪ್ಪನ ಕಾಲದ್ದವ್ವಾ. ಬದನಿಕಾಯಿ ಹೆಚ್ಚಾಕ ಇಟ್ಟೀವಿ. ನಿನಗ ನೀ ಸಾಯೂತನಕ ಬಾಳಿಕಿ ಬರೂದು ಕೊಡ್ತೀನಿ, ಇರು.”

ಒಳಗೆ ಹೋಗಿ ಒಂದು ಗಂಟು ಬಿಚ್ಚಿ ತಂದ. ಎಮ್ಮೆ ಕೊಂಬಿನ ಹಿಡಿ, ಹಿಡಿಯ ಮೇಲೆ ಹಿತ್ತಾಳೆಯ ಮೀನು. ಅವಳಿಗೆಂದೇ ಮಾಡಿಟ್ಟಿದ್ದ. ಅಷ್ಟು ಚಂದದ ಚೂರಿಯನ್ನು ಅವನು ಅದಕ್ಕೂ ಮುಂಚೆ ಮಾಡಿರಲಿಲ್ಲ, ಅಷ್ಟು ಬಿಗಿಯ ಕೀಲನ್ನೂ ಮಾಡಿರಲಿಲ್ಲ. ದುರುಗವ್ವ ಹಿತ್ತಾಳೆಯ ಮೀನನ್ನು ಸವರಿದಳು. ಎಡಗೈಯಲ್ಲಿ ಬಿಚ್ಚಲು ನೋಡಿದಳು, ಆಗಲಿಲ್ಲ.

“ಕಾಕಾ, ಇದು ಒಂದ ಕೈಲೆ ಬಿಚ್ಚಂಗಿಲ್ಲಲ್ಲ?”

“ಹುಚ್ಚಿ, ದೇವರು ಎರಡು ಕೈ ಯಾತಕ್ಕ ಕೊಟ್ಟಾನ?”

ಕಾಕನ ಮಾತು ಮೀರುವುದು ಹೇಗೆ? ಅವಳು ಮತ್ತೊಮ್ಮೆ ಗೋಡೆಯ ಮೊಳೆಯ ಕಡೆ ನೋಡಿದಳಂತೆ. ಆಮೇಲೆ ಹೊಸ ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಕಾಕಾ ಹೀಗಂದ ಎಂದು ಮನೆಯಲ್ಲಿ ಅವ್ವನಿಗೆ ಹೇಳಿ ನಕ್ಕಳಂತೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಳೆಗಾಲ ಕಳೆದು ಹೊಳೆ ತಿಳಿಯಾಗುತ್ತಿದ್ದ ದಿನಗಳವು. ಒಂದು ದಿನ ದುರುಗವ್ವನ ಹರಗೋಲು ಬರಿದಾಗಿ ತಿರುಗುತ್ತಾ ದಂಡೆಗೆ ಬಂತು. ಅಂಬಿಗರು ಮಡುವಿಗೆ ಓಡಿದರು. ಹುಡುಕುವ ಕೆಲಸವೇ ಬೀಳಲಿಲ್ಲ. ಅವಳ ಕೂದಲು ನೀರಿನ ಮೇಲೆ ಹರಡಿಕೊಂಡಿತ್ತು. ಹಗ್ಗ ಬಲಗೈಗೆ ಸುತ್ತಿ, ಬಲೆ ಬಂಡೆಗೆ ಸಿಕ್ಕಿ, ಅವಳು ನೀರೊಳಗೆ ನಿಂತ ಹಾಗೆಯೇ ಇದ್ದಳು. ಮೂಗಿಗೂ ಗಾಳಿಗೂ ನಡುವೆ ಒಂದು ಮೊಳ ನೀರೂ ಇರಲಿಲ್ಲವಂತೆ. ಎಡಗೈಯಲ್ಲಿ ಚೂರಿ ಇತ್ತು, ಮುಚ್ಚಿದ ಚೂರಿ.

ಯಮ ಬಂದಿದ್ದ. ಚೂರಿ ಬಿಚ್ಚಿರಲಿಲ್ಲ. ಆ ಗಾದೆಯನ್ನು ಆಮೇಲೆ ಕರೆಮಡುವಿನಲ್ಲಿ ಯಾರೂ ಆಡಲಿಲ್ಲ.

ಮಣ್ಣು ಮಾಡಿದ ಮೇಲೆ ಯಂಕವ್ವ ಕುಲುಮೆಗೆ ಬಂದಳು. ಅತ್ತು ಗೋಳಾಡುತ್ತಾಳೆ ಎಂದು ಮಂದಿ ಹಿಂದೆಯೇ ಬಂದಿದ್ದರು. ಅವಳು ಅಳಲಿಲ್ಲ. ಚೂರಿಯನ್ನು ಅಡಿಗಲ್ಲಿನ ಮೇಲೆ, ಮೋನಪ್ಪ ಕಬ್ಬಿಣ ಬಡಿಯುವ ಜಾಗದಲ್ಲಿಯೇ, ಇಟ್ಟಳು. ಹುಟ್ಟಿದಾಗಿನಿಂದ ಅವನನ್ನು ಅಣ್ಣಾ ಎಂದು ಕರೆದವಳು ಅಂದು ಹಾಗೆ ಕರೆಯಲಿಲ್ಲ.

“ನನ್ನ ಮಗಳು ಆರಿಸಿದ್ದನ್ನ ನೀ ಕಸಗೊಂಡಿ. ದೇವರು ಎರಡು ಕೈ ಕೊಟ್ಟಿದ್ದು ಖರೆ. ಒಂದು ಬಲ್ಯಾಗ ಸಿಕ್ಕಿತ್ತು.”

ಇಷ್ಟೇ ಹೇಳಿ ಹೋದಳು. ಹಸಿವು ಯಾರ ಸೂತಕವನ್ನೂ ಲೆಕ್ಕಕ್ಕಿಡುವುದಿಲ್ಲ. ಕೆಲವೇ ದಿನಗಳಲ್ಲಿ ಮಗಳ ಹರಗೋಲನ್ನು ತಾನೇ ನೀರಿಗಿಳಿಸಿದಳು. ಸೊಂಟದಲ್ಲಿ ಚೂರಿ ಇರಲಿಲ್ಲ. ಅವನ ಚೂರಿಗಿಂತ ಬರಿಗೈ ಲೇಸು ಎಂದಳಂತೆ.

ಊರಿನವರೂ ಒಬ್ಬೊಬ್ಬರಾಗಿ ಬಂದು ತಮ್ಮ ಚೂರಿಗಳನ್ನು ಕುಲುಮೆಯ ಬಾಗಿಲಲ್ಲಿ ಇಟ್ಟು ಹೋದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಮೋನಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಕುಲುಮೆಯ ಬಾಗಿಲು ಹೊಳೆಗೆ ಮುಖ ಮಾಡಿತ್ತು. ಅಲ್ಲಿ ಕೂತರೆ ಬರಿಗೈಯ ಯಂಕವ್ವ ಮಡುವಿಗೆ ಕಲ್ಲು ಇಳಿಸುವುದು ಕಾಣುತ್ತಿತ್ತು. ಒಂದೊಂದು ಕಲ್ಲು ಇಳಿದಾಗಲೂ ಅವನು ಉಸಿರು ಹಿಡಿಯುತ್ತಿದ್ದ. ಮಗಳನ್ನು ಕೊಂದದ್ದಾಯಿತು, ಇನ್ನು ಹೀಗೆ ಕೂತೇ ಅವ್ವನನ್ನೂ ಕೊಲ್ಲುತ್ತೇನೆ ಎಂಬ ಹೆದರಿಕೆ ಅವನನ್ನು ತಿನ್ನುತ್ತಿತ್ತು. ಇವಳ ಸೊಂಟಕ್ಕೆ ಒಂದು ಚೂರಿ ಸೇರಬೇಕು. ಬೇರೆ ಯಾವ ಆಸೆಯೂ ಅವನಲ್ಲಿ ಉಳಿದಿರಲಿಲ್ಲ.

ಕೀಲು ಸಡಿಲಿಸಿ ಒಂದು ಚೂರಿ ಮಾಡಿದ. ಅದನ್ನು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡು ಓಡಾಡಿದ. ಬಂಡೆ ಇಳಿಯುವಾಗ ಅದು ಬಿಚ್ಚಿಕೊಂಡು ತೊಡೆಗೆ ಇಳಿಯಿತು. ಸಾಯುವವರೆಗೂ ಅವನು ಕುಂಟಿದ್ದು ಅದರಿಂದಲೇ. ಬಿಗಿ ಮಾಡಿದರೆ ನೀರು ಕೊಲ್ಲುತ್ತದೆ, ಸಡಿಲ ಮಾಡಿದರೆ ಚೂರಿಯೇ ಕೊಲ್ಲುತ್ತದೆ. ತಲೆಯ ಮೇಲೆ ಕೈ ಹೊತ್ತು ಕೂತ.

ಆ ಹಿತ್ತಾಳೆ ಮೀನಿನ ಚೂರಿ ಇನ್ನೂ ಅಡಿಗಲ್ಲಿನ ಮೇಲೆಯೇ ಇತ್ತು. ಮೋನಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ಕೊನೆಗೆ ಕಾಳಮ್ಮನೇ ಅದನ್ನು ಎತ್ತಿ ಬೂದಿ ಹಾಕಿ ತಿಕ್ಕಿದಳು. ತಿಕ್ಕುತ್ತಾ ತಿಕ್ಕುತ್ತಾ ಅವಳ ಕೈ ನಿಂತಿತು.

“ಇಲ್ಲಿ ನೋಡ್ರಿ” ಎಂದಳು. ಚೂರಿಯನ್ನು ಬೆಳಕಿಗೆ ಹಿಡಿದಳು.

ಕೊಂಬಿನ ಹಿಡಿಯ ಅಂಚಿನ ಉದ್ದಕ್ಕೂ ಹಲ್ಲು ಊರಿದ ಗುರುತುಗಳು. ಉಗುರು ಸಿಕ್ಕಿಸುವ ಗೆರೆಯಲ್ಲಿ, ಅಕ್ಕಿಯ ನುಚ್ಚಿನಷ್ಟು, ಒಂದು ಬಿಳಿಯ ಚೂರು ಕಚ್ಚಿಕೊಂಡಿತ್ತು. ಹಲ್ಲಿನ ಚೂರು. ಒಂದು ಕೈ ಹಗ್ಗದಲ್ಲಿ, ಒಂದು ಕೈ ಹಿಡಿಯಲ್ಲಿ, ಆ ಹುಡುಗಿ ಚೂರಿಯನ್ನು ಹಲ್ಲಿನಿಂದ ಬಿಚ್ಚಲು ನೋಡಿದ್ದಳು. ಕಚ್ಚಿ ಹಿಡಿಯಲು ಅಲಗಿನಲ್ಲಿ ಏನೂ ಇರಲಿಲ್ಲ. ಹಲ್ಲು ಜಾರಿತ್ತು, ಮುರಿದಿತ್ತು.

ಮೋನಪ್ಪ ಅಂದು ಅತ್ತದ್ದು ಆಚೆ ದಂಡೆಗೂ ಕೇಳಿಸಿತಂತೆ. ಇದನ್ನು ಮಾತ್ರ ನಂಬಿ.

ಅತ್ತು ಎದ್ದವನು ಕುಲುಮೆ ಹೊತ್ತಿಸಿದ. ಕಾಳಮ್ಮ ತಿದಿ ಒತ್ತಿದಳು. ಬಿಗಿ ಕೀಲಿನ ಚೂರಿಯನ್ನೇ ಮಾಡಿದ. ಆದರೆ ದುರುಗವ್ವನ ಹಲ್ಲು ಮುರಿದ ಜಾಗದಲ್ಲಿಯೇ, ಅಲಗಿನ ಬೆನ್ನಿಗೆ, ಕಡಲೆಕಾಳಿನಷ್ಟು ಒಂದು ಗುಬುಟು ಎಬ್ಬಿಸಿದ. ಹೆಬ್ಬೆರಳು ಅದಕ್ಕೆ ತಾಗಿ ದೂಡಿದರೆ ಚೂರಿ ಬಿಚ್ಚಬೇಕು. ಹೆಬ್ಬೆರಳು ಸೋತರೆ ಹಲ್ಲಿಗಾದರೂ ಅದು ಸಿಗಬೇಕು. ಆ ಹಲ್ಲಿನ ಚೂರನ್ನೇ ಕಬ್ಬಿಣದಲ್ಲಿ ಕೂರಿಸಿದ ಎಂದು ಹೇಳುವವರಿದ್ದಾರೆ. ಸುಳ್ಳು. ಬೆಂಕಿಯಲ್ಲಿ ಹಲ್ಲು ಉಳಿಯುತ್ತದೆಯೇ? ಅದನ್ನು ಕಾಳಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಯಂಕವ್ವನ ಕೈಯಲ್ಲಿಟ್ಟಳು.

ಮಾಡಿದ್ದನ್ನು ಪರೀಕ್ಷೆ ಮಾಡಬೇಕಲ್ಲ. ಅಂಬಿಗರನ್ನು ಕರೆದುಕೊಂಡು ಅದೇ ಮಡುವಿಗೆ ಹೋದ. ಬಲಗೈಯನ್ನು ಬಲೆಯ ಹಗ್ಗಕ್ಕೆ ಸುತ್ತಿಸಿಕೊಂಡು ಕಲ್ಲಿನ ಜೊತೆ ಇಳಿದ. ಮೊದಲ ಸಲ ಗುಬುಟು ಸಣ್ಣದಾಗಿತ್ತು, ಒದ್ದೆ ಬೆರಳು ಜಾರಿತು. ಅರೆಜೀವದಲ್ಲಿ ಎಳೆದು ಹಾಕಿದರು. ಕುಲುಮೆಗೆ ಹೋಗಿ ತಿದ್ದಿ ಮತ್ತೆ ಬಂದ, ಮತ್ತೆ ಇಳಿದ, ಮತ್ತೆ ಎಳೆದು ಹಾಕಿದರು. ಆ ದಿನಗಳಲ್ಲಿ ಮೀನುಗಳಿಗೂ ಅವನ ಗುರುತು ಸಿಗುತ್ತಿತ್ತು ಎಂದು ಹೇಳುತ್ತಾರೆ. ಕೊನೆಗೊಂದು ದಿನ ನೀರಿನ ಮೇಲೆ ರಕ್ತ ಬಂತು, ಅದರ ಹಿಂದೆ ಮೋನಪ್ಪ ಬಂದ. ಅವಸರದಲ್ಲಿ ಹಗ್ಗದ ಜೊತೆ ಮುಂಗೈಯನ್ನೂ ಕೊಯ್ದುಕೊಂಡಿದ್ದ. ಎಡಗೈಯಲ್ಲಿ ಚೂರಿ ಬಿಚ್ಚಿತ್ತು.

ಅಲ್ಲಿಂದ ಯಂಕವ್ವನ ಮನೆಗೆ ಹೊರಟವನು ದಾರಿಯಲ್ಲಿ ಕುಲುಮೆಗೆ ಹೊಕ್ಕು ಅಲ್ಲಿದ್ದ ಚೂರಿಗಳನ್ನೆಲ್ಲ ಬಾಚಿಕೊಂಡ, ಮೊಳೆಯ ಮೇಲಿನ ಅಪ್ಪನ ಚೂರಿಯನ್ನೂ ಸೇರಿಸಿಕೊಂಡ. ಅವಳ ಬಾಗಿಲಿಗೆ ಹೋದಾಗ ಅವನಿಗೆ ತನ್ನ ನಾಲಿಗೆಯ ಮೇಲೆಯೇ ನಂಬಿಕೆ ಬರಲಿಲ್ಲ. ಇದನ್ನೇ ತಗೋ ಯಂಕವ್ವಾ, ಇದು ಚಲೋ ಬಿಚ್ಚುತ್ತದೆ ಎಂದು ಅದು ಹೇಳಿಬಿಡುತ್ತದೆ. ಆ ಹುಡುಗಿಯನ್ನು ಕೊಂದದ್ದು ಕೀಲಿಗಿಂತ ಹೆಚ್ಚಾಗಿ ಈ ನಾಲಿಗೆಯೇ ಅಲ್ಲವೇ? ಬಾಗಿಲ ಬಳಿಯ ಕೊಡದಿಂದ ಹೊಳೆನೀರು ಮೊಗೆದು ಬಾಯಿ ತುಂಬ ಹಿಡಿದುಕೊಂಡ. ಚೂರಿಗಳನ್ನು ಹೊಸ್ತಿಲ ಹೊರಗೆ ಹರವಿದ. ನೆಲ ನೋಡುತ್ತಾ ಕೂತ.

ಯಂಕವ್ವ ಬಾಗಿಲಿಗೆ ಬಂದು ನೋಡಿದಳು. ಅವನ ಕೈಯಿಂದ ರಕ್ತ ಸೋರುತ್ತಿತ್ತು, ಬಾಯಿ ಊದಿಕೊಂಡಿತ್ತು. ಅವಳು ಒಂದು ಬಲೆಯ ದಾರ ತಂದು ತನ್ನ ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಕಟ್ಟಿಕೊಂಡಳು. ಎಡಗೈಯನ್ನು ಕೊಡದಲ್ಲಿ ಅದ್ದಿದಳು. ಒಂದೊಂದು ಚೂರಿಯನ್ನೂ ಎತ್ತಿ ಬಿಚ್ಚಲು ನೋಡಿದಳು. ಹೊಸ ಚೂರಿಯನ್ನು ಎತ್ತಿ ಕೆಳಗಿಟ್ಟಾಗ ಮೋನಪ್ಪನ ಜೀವ ಬಾಯಿಗೆ ಬಂತು, ಬಾಯಿ ತುಂಬ ನೀರಿತ್ತು. ಅವಳು ಮೋನಪ್ಪನ ಅಪ್ಪನ ಚೂರಿಯನ್ನು ಎತ್ತಿದಳು. ಸಲೀಸಾಗಿ ಬಿಚ್ಚಿತು. ಮುಚ್ಚಿ ಜಾಡಿಸಿದಳು, ತಾನಾಗಿಯೇ ಬಿಚ್ಚಿಕೊಂಡಿತು. ಅದನ್ನೂ ಕೆಳಗಿಟ್ಟಳು. ಮತ್ತೆ ಹೊಸದನ್ನೇ ಎತ್ತಿದಳು. ಜಾಡಿಸಿದಳು, ಬಿಚ್ಚಲಿಲ್ಲ. ಹೆಬ್ಬೆರಳಿನಿಂದ ದೂಡಿದಳು, ಬಿಚ್ಚಿತು. ಗುಬುಟಿಗೆ ಹಲ್ಲು ಹಚ್ಚಿ ಎಳೆದಳು, ಬಿಚ್ಚಿತು.

“ಇದು ನೀ ಕೊಟ್ಟದ್ದಲ್ಲ,” ಎಂದಳು. “ನಾ ಆರಿಸಿದ್ದು.”

ಬಲಗೈಯ ದಾರವನ್ನು ಅದರಿಂದಲೇ ಕೊಯ್ದು, ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಕ್ಷಮೆಯಿಲ್ಲ.

ಎಷ್ಟೋ ಕಾಲ ಆದ ಮೇಲೆ, ಒಂದು ಬಿರುಗಾಳಿಯ ದಿನ, ಮಡು ಯಂಕವ್ವನ ಬಲಗೈಯನ್ನೂ ಹಿಡಿಯಿತು. ಕುಲುಮೆಯಲ್ಲಿ ಕೂತ ಮೋನಪ್ಪ ಅವಳು ಮುಳುಗಿದ್ದನ್ನು ಕಣ್ಣಾರೆ ಕಂಡ. ಕುಂಟುಗಾಲಲ್ಲಿ ಎದ್ದು ಓಡಿ ದಂಡೆ ಮುಟ್ಟುವಷ್ಟರಲ್ಲಿ ಅವಳು ಬಂಡೆ ಹಿಡಿದು ಮೇಲೆ ಬರುತ್ತಿದ್ದಳು. ಕೈಗೆ ಕೊಯ್ದ ಹಗ್ಗದ ತುಂಡು ಇನ್ನೂ ಸುತ್ತಿಕೊಂಡಿತ್ತು. ಅವಳು ಬದುಕಿದ್ದಕ್ಕೆ ನಕ್ಕಳು ಎಂದುಕೊಂಡಿರಾ? ಮಗಳ ಹೆಣದ ಮುಂದೆ ಅಳದವಳು ಅಂದು ಕೆಸರಲ್ಲಿ ಕುಸಿದು, ಅವನ ಕಾಲು ಹಿಡಿದು, ಎದೆ ಬಡಿದುಕೊಂಡು ಅತ್ತಳು.

“ಚಲೋ ಬಿಚ್ಚಿತೋ ಅಣ್ಣಾ! ಎಷ್ಟು ಚಲೋ ಬಿಚ್ಚಿತೋ! ಹಿಂಗ ಬಿಚ್ಚೂದನ್ನ ಅವತ್ತ ಯಾಕ ಮಾಡಲಿಲ್ಲೋ?”

ಅಂದು ಅವನ ಬಾಯಲ್ಲಿ ನೀರಿರಲಿಲ್ಲ. ಆದರೂ ಮಾತು ಬರಲಿಲ್ಲ.

ಆಮೇಲೆ ಅವನು ಬದುಕಿದ್ದಷ್ಟು ದಿನ, ಯಾರು ಚೂರಿ ಆರಿಸಲು ಬಂದರೂ ಬಾಯಿ ತುಂಬ ಹೊಳೆನೀರು ಹಿಡಿದೇ ಕೂರುತ್ತಿದ್ದನಂತೆ. ಅವನೂ ಹೋದ, ಯಂಕವ್ವನೂ ಹೋದಳು, ಆ ಕುಲುಮೆಯೂ ಬಿದ್ದುಹೋಯಿತು. ಈಗ ಚೂರಿ ಸಂತೆಯಿಂದ ಬರುತ್ತದೆ. ಆದರೂ ಆ ದಂಡೆಯ ಊರುಗಳಲ್ಲಿ ಗುಬುಟಿಲ್ಲದ ಚೂರಿಯನ್ನು ಯಾರೂ ಮುಟ್ಟುವುದಿಲ್ಲ. ಆ ಗುಬುಟನ್ನು ದುರುಗವ್ವನ ಹಲ್ಲು ಎನ್ನುತ್ತಾರೆ. ಕೆಲಸಕ್ಕೆಂದು ಮೊದಲ ಚೂರಿ ಕೊಳ್ಳುವವರ ಬಲಗೈಯನ್ನು ತಾಯಿಯೇ ಬಲೆಯ ದಾರದಿಂದ ಕಟ್ಟುತ್ತಾಳೆ, ಎಡಗೈಯನ್ನು ನೀರಲ್ಲಿ ಅದ್ದಿಸುತ್ತಾಳೆ. ಮಾರುವವನು ಬಾಯಲ್ಲಿ ನೀರು ಹಿಡಿದು ಸುಮ್ಮನೆ ಕೂರಬೇಕು. ಅವನು ನೀರು ನುಂಗಿ ತನ್ನ ಚೂರಿಯನ್ನು ಹೊಗಳಿದರೆ ಎದ್ದು ಬರುತ್ತಾರೆ, ಚಿನ್ನದ ಹಿಡಿಯಿದ್ದರೂ ಬೇಡ.

ಆರಿಸುವುದು ಮುಗಿದ ಮೇಲೆ ಅವನು ಆ ನೀರನ್ನು ನೆಲಕ್ಕೆ ಬಿಡುತ್ತಾನೆ. ಒಂದೇ ಒಂದು ಮಾತು ಕೇಳಲು ಆಗ ಅವನಿಗೆ ಅಪ್ಪಣೆ.

“ಬಿಚ್ಚಿತೇನು?”

“ಬಿಚ್ಚಿತು” ಎಂದು ತಾಯಿಗೆ ಕೇಳುವ ಹಾಗೆ ಹೇಳಬೇಕು. ಆಮೇಲೆಯೇ ಅವಳು ಕೈಯ ದಾರ ಬಿಚ್ಚಿ ಹೊಳೆಗೆ ಕಳಿಸುತ್ತಾಳೆ.