ಎಮುಶನ ಮಣ್ಣಿನ ಬಿರುದುಗಳು

ಯೂಫ್ರೆಟಿಸ್ ಹೊಳೆಯ ಏರಿ ಒಡೆಯಿತು. ಏರಿಯ ಕೆಳಗೆ ಜೊಂಡು ಬೆಳೆದ ಜೌಗು, ಅದರ ತುಂಬ ಗೂಡು, ಬಿಲ. ಎಮುಶ ಎಂಬ ಕಾಡುಹಂದಿ ಓಡಿಬಂದು ಬಿರುಕಿಗೆ ಬೆನ್ನು ಕೊಟ್ಟು ನಿಂತ. ಆಮೇಲೆ ಮೂತಿಯಿಂದ ಮಣ್ಣು ತಳ್ಳಿ ತಳ್ಳಿ ಸಂಜೆಯೊಳಗೆ ಅದನ್ನು ಮುಚ್ಚಿದ.

ಅಂದಿನಿಂದ ಜೌಗಿನವರು ಅವನನ್ನು ದೊಡ್ಡಾಳು ಎಂದು ಕರೆದರು. ಸುಮೇರ್ ನಾಡಿನಲ್ಲಿ ಜನ ಅರಸನನ್ನು ಕರೆಯುವುದೂ ಹಾಗೆಯೇ. ಎಮುಶನಿಗೆ ಅಷ್ಟು ಸಾಕಾಗಿತ್ತು, ಬುರು ಬರುವವರೆಗೆ.

ಬುರು ಒಂದು ಟಿಟ್ಟಿಭ ಹಕ್ಕಿ. ಅರಮನೆಯ ಅಂಗಳದಲ್ಲಿ ಹುಳ ಹೆಕ್ಕಿ ಬೆಳೆದವನು. ಅಲ್ಲಿ ಬರೆಯುವವರು ಹಸಿಮಣ್ಣಿನ ಬಿಲ್ಲೆಯ ಮೇಲೆ ಜೊಂಡಿನ ಕಡ್ಡಿ ಒತ್ತಿ ಅರಸನ ಬಿರುದುಗಳನ್ನು ಮೂಡಿಸುವುದನ್ನು ನೋಡಿದ್ದ. ತನ್ನ ಹೆಜ್ಜೆಯ ಗುರುತೂ ಥೇಟ್ ಹಾಗೇ ಬೀಳುತ್ತದೆ ಎಂದು ಅವನಿಗೆ ಹೆಮ್ಮೆ.

"ಬರೀ ದೊಡ್ಡಾಳೇ?" ಎಂದ ಬುರು. "ಅಲ್ಲಿಯ ಅರಸ ನಾಲ್ಕು ದಿಕ್ಕುಗಳ ಒಡೆಯ, ಸ್ವಾಮಿ. ಈ ಏರಿಯ ಮೇಲೆ ನಿಂತರೂ ನಾಲ್ಕು ದಿಕ್ಕು ಕಾಣುವುದಿಲ್ಲವೇ?"

ಎಮುಶ ಏರಿ ಹತ್ತಿ ನೋಡಿದ. ಕಾಣುತ್ತಿತ್ತು.

ಬಿರುದು ಬರೆಯಲು ನುಣ್ಣನೆಯ ಜೇಡಿಮಣ್ಣು ಬೇಕು. ಜೌಗಿನ ಮಣ್ಣಿನಲ್ಲಿ ಬೇರು, ಹೊಳೆಯ ದಂಡೆಯಲ್ಲಿ ಮರಳು. ಒಳ್ಳೆಯ ಮಣ್ಣು ಇದ್ದದ್ದು ಏರಿಯಲ್ಲಿ ಮಾತ್ರ. ಎಮುಶ ತಾನೇ ಮೂತಿ ಹಾಕಿ ಒಂದು ಮುದ್ದೆ ಕಿತ್ತುಕೊಟ್ಟ. ಬುರು ಅದರ ಮೇಲೆ ನಡೆದ. ಬಿಸಿಲು ಒಣಗಿಸಿತು.

ಒಂದಕ್ಕೆ ಮುಗಿಯಲಿಲ್ಲ. ಸುಮೇರ್ ಅಕ್ಕಾಡ್ ಎರಡೂ ನಾಡಿನ ದೊರೆ ಎಂದು ಒಂದು ಬಿಲ್ಲೆ. ಮೇಲಿನ ಕಡಲಿನಿಂದ ಕೆಳಗಿನ ಕಡಲಿನವರೆಗೆ ಆಳುವವನು ಎಂದು ಇನ್ನೊಂದು. ಎಮುಶ ಯಾವ ಕಡಲನ್ನೂ ಕಂಡವನಲ್ಲ. ಆದರೂ ಬುರು ಓದಿ ಹೇಳುವಾಗ ಅವನ ಕಿವಿ ನೆಟ್ಟಗಾಗುತ್ತಿತ್ತು. ಬಿಲ್ಲೆಗಳ ರಾಶಿ ಏರಿಯ ಪಕ್ಕದಲ್ಲೇ ಏರಿಯಷ್ಟೆತ್ತರ ಬೆಳೆಯಿತು.

ಒಂದು ಬೆಳಗ್ಗೆ ಬಲ್ಗಿ ಬಂದಳು. ಅವಳು ಆಮೆ. ಏರಿಯ ಬುಡದ ಮರಳಿನಲ್ಲಿ ಹದಿನೇಳು ಮೊಟ್ಟೆ ಹೂತಿಟ್ಟಿದ್ದಳು. ಬಿರುದು ಪೂರ್ತಿ ಹೇಳದೆ ಮಾತಾಡುವಂತಿಲ್ಲ ಎಂದು ಬುರು ಅವಳನ್ನು ತಡೆದ. ಅವಳು ಒಂದೂ ಬಿಡದೆ ಹೇಳಿದಳು.

"ಎಮುಶಣ್ಣ, ಏರಿ ತೆಳುವಾಗಿದೆ. ನನ್ನ ಮೊಟ್ಟೆಗಳ ಹತ್ತಿರ ಮರಳು ಒದ್ದೆಯಾಗಿದೆ."

ಎಮುಶ ನೆಲ ನೋಡಿದ. ಮಣ್ಣು ಕೀಳುವಾಗಲೆಲ್ಲ ಅವನ ಮೂತಿಗೆ ಅದರ ಗುರುತು ಸಿಕ್ಕಿತ್ತು. ಅಂದು ತಾನೇ ತಳ್ಳಿ ಕೂರಿಸಿದ ಮಣ್ಣು ಅದು.

"ಇನ್ನೊಂದೇ ಬಿಲ್ಲೆ ಬಲ್ಗಿ. ಆಮೇಲೆ ಸರಿಮಾಡುತ್ತೇನೆ."

"ಯಾವ ಬಿರುದು ಉಳಿದಿದೆ?"

"ಏರಿಯನ್ನು ಕಟ್ಟಿದವನು ಎಂಬುದು."

ಬಲ್ಗಿ ಮೊಟ್ಟೆಗಳ ಬಳಿಗೆ ಹೋಗಿ ಕೂತಳು.

ಆ ಬಿಲ್ಲೆ ಒಣಗುವ ಮೊದಲೇ ಬಡಗಣ ಬೆಟ್ಟಗಳ ಹಿಮ ಕರಗಿ ಹೊಳೆ ಉಕ್ಕಿ ಬಂತು. ಎಮುಶ ಅಗೆದಿದ್ದ ಜಾಗದಲ್ಲೇ ಏರಿ ಬಾಯಿಬಿಟ್ಟಿತು. ಅವನು ಬೆನ್ನು ಕೊಟ್ಟ. ಈ ಸಲ ಬಿರುಕು ಬೆನ್ನಿಗಿಂತ ಅಗಲವಿತ್ತು. ಎರಡೂ ಪಕ್ಕದಿಂದ ನೀರು ನುಗ್ಗಿತು. ಕೆಳಗೆ ಬಲ್ಗಿ ಮೊಟ್ಟೆಗಳಿಗೆ ತನ್ನ ಚಿಪ್ಪನ್ನೇ ಅಡ್ಡ ಇಟ್ಟಿದ್ದಳು.

ಎಮುಶ ಮೂತಿ ಚಾಚಿ ಬಿಲ್ಲೆಗಳ ರಾಶಿಯನ್ನು ಬಿರುಕಿಗೆ ಎಳೆದುಕೊಳ್ಳತೊಡಗಿದ. ಬುರು ತಲೆಯ ಮೇಲೆ ಸುತ್ತಿ ಸುತ್ತಿ ಗೋಗರೆದ. ಅದು ಸುಡದ ಮಣ್ಣು, ಕರಗಿಹೋಗುತ್ತದೆ, ನಾಳೆ ಹೆಸರು ಹೇಳಲು ಒಂದಕ್ಷರವೂ ಉಳಿಯುವುದಿಲ್ಲ ಎಂದ.

"ಕರಗಲಿ," ಎಂದ ಎಮುಶ. "ಕರಗಿದರೇ ಅಂಟುವುದು. ನೀನು ಇಳಿದು ಬಂದು ತುಳಿ."

ಬುರು ಇಳಿದು ತುಳಿದ. ನಾಲ್ಕು ದಿಕ್ಕು ಹೋಯಿತು. ಎರಡು ಕಡಲು ಹೋದವು. ಕೊನೆಗೆ ಆ ಹಸಿ ಬಿಲ್ಲೆಯೂ ಹೋಯಿತು. ಬಿರುಕು ಮುಚ್ಚಿತು.

ಮೂರು ಮೊಟ್ಟೆಗಳನ್ನು ನೀರು ಕೊಂಡೊಯ್ದಿತ್ತು. ಉಳಿದ ಹದಿನಾಲ್ಕು ಒಡೆದು ಮರಿಗಳಾದವು. ಅವು ಎಮುಶನನ್ನು ದೊಡ್ಡಾಳು ಎಂದು ಕರೆದವು.

ನೀತಿ: ಹೆಸರು ತಂದುಕೊಟ್ಟ ಕೆಲಸವನ್ನು ಹೆಸರಿಗಾಗಿ ಅಗೆಯಬೇಡಿ.