ಕೆಲಸವಿಲ್ಲದ ಕಾಲು

"ಅವ್ವಾ, ನಮ್ಮಲ್ಲಿ ಒಬ್ಬ ಶಿಕ್ಷಕಿ ಇದ್ದಾಳೆ. ಶಾಲೆಯಲ್ಲಿ ಏನೇ ಗಲಾಟೆಯಾದರೂ ಅದು ಅವಳದೇ. ಉಳಿದ ನಾವೆಲ್ಲ ತಣ್ಣಗೆ ನಡೆದುಕೊಂಡು ಹೋಗುತ್ತಿದ್ದೇವೆ. ನಾಳೆ ಅವಳನ್ನು ಕೆಲಸದಿಂದ ಕಳಿಸಿಬಿಡಬೇಕೆಂದಿದ್ದೇನೆ. ತಪ್ಪೇ?"

ಗುರುತಾಯಿ ಕಟ್ಟಿದ ಶಾಲೆಯನ್ನು ಈಗ ನಡೆಸುತ್ತಿದ್ದ ಶಿಷ್ಯ ಹೀಗೆ ಕೇಳಿದ.

"ಕೂತುಕೋ," ಎಂದು ಆಕೆ ಹೇಳತೊಡಗಿದಳು.

ಒಬ್ಬ ವರ್ತಕ ಎರಡು ಎಂಜಿನ್ನಿನ ಪುಟ್ಟ ವಿಮಾನ ಕೊಂಡ. ಹಾರಿಸಲು ಒಬ್ಬ ಹೆಂಗಸನ್ನು ಇಟ್ಟುಕೊಂಡ. ಹಾರುವುದು ಅವನಿಗೆ ಗೊತ್ತಿರಲಿಲ್ಲ, ಆದರೆ ಪಕ್ಕದ ಸೀಟು ಬಿಡುತ್ತಿರಲಿಲ್ಲ.

ಒಂದು ದಿನ ನೆಲ ಬಿಟ್ಟ ಕೂಡಲೇ ವಿಮಾನದ ಮೂಗು ಎಡಕ್ಕೆ ಹೊರಳಿತು. ಎದುರಿಗೆ ಕೆರೆಯ ಏರಿ, ಏರಿಯ ಮೇಲೆ ಮರಗಳು. ಆಕೆ ಎರಡೂ ಎಂಜಿನ್ನಿನ ಶಕ್ತಿ ಏರಿಸಿಳಿಸುವ ಸನ್ನೆಗಳನ್ನು ಪೂರ್ತಿ ಮುಂದಕ್ಕೆ ತಳ್ಳಿದಳು. ಬಲಗಾಲಿನಿಂದ ಪೆಡಲ್ ಒತ್ತಿ ಮೂಗನ್ನು ನೆಟ್ಟಗಿಟ್ಟಳು. ಬಲಗಡೆಯ ಎಂಜಿನ್ ಅಬ್ಬರಿಸಿತು, ವಿಮಾನದ ಮೈಯೆಲ್ಲ ನಡುಗಿತು. ಎಡಗಡೆಯ ಪಂಖ ಸದ್ದಿಲ್ಲದೆ ತಿರುಗುತ್ತಿತ್ತು. ಅದರ ವೇಗ ತೋರಿಸುವ ಮುಳ್ಳೂ ಇದ್ದಲ್ಲೇ ಇತ್ತು.

ವರ್ತಕ ಬಲಗಡೆಯ ಸನ್ನೆಗೆ ಕೈ ಹಾಕಿದ.

"ಇದು ಒದರಾಡ್ತಿದೆ, ಕೇಳಿಸಲ್ವೇನಮ್ಮಾ? ಕೆಟ್ಟಿರೋದು ಇದೇ. ಮೊದಲು ಆರಿಸು!"

"ಒದರೋದು ಬದುಕಿದೆ ಸ್ವಾಮಿ. ಕೈ ತೆಗೀರಿ."

"ವಿಮಾನ ನನ್ನದು!"

"ಇಳಿದ ಮೇಲೆ ನಿಮ್ಮದು," ಎಂದು ಆಕೆ ಅವನ ಕೈಯನ್ನು ತಳ್ಳಿಹಾಕಿದಳು.

ಆಕೆ ಸದ್ದನ್ನು ನಂಬಲಿಲ್ಲ, ಮುಳ್ಳನ್ನೂ ನಂಬಲಿಲ್ಲ. ತನ್ನ ಕಾಲುಗಳನ್ನು ಕೇಳಿದಳು. ಬಲಗಾಲು ಸೋಲುವಷ್ಟು ಒತ್ತುತ್ತಿತ್ತು. ಎಡಗಾಲಿಗೆ ಕೆಲಸವೇ ಇರಲಿಲ್ಲ. ಕೆಲಸವಿಲ್ಲದ ಕಾಲು ಯಾವ ಕಡೆಗೋ ಸತ್ತ ಎಂಜಿನ್ನೂ ಆ ಕಡೆಗೇ. ಆದರೂ ಒಮ್ಮೆ ಪರೀಕ್ಷಿಸಿದಳು. ಎಡಗಡೆಯ ಸನ್ನೆಯನ್ನು ಮೆಲ್ಲಗೆ ಹಿಂದಕ್ಕೆಳೆದಳು. ಅಬ್ಬರ ತಗ್ಗಲಿಲ್ಲ. ಕಾಲಿನ ಭಾರವೂ ಬದಲಾಗಲಿಲ್ಲ. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕೂಡಲೇ ಇನ್ನೊಂದು ಸನ್ನೆ ಎಳೆದು, ಆ ಎಡ ಪಂಖದ ಅಲಗುಗಳನ್ನು ಗಾಳಿಗೆ ಅಡ್ಡವಾಗದೆ ಸೀಳುವಂತೆ ತಿರುಗಿಸಿ ನಿಲ್ಲಿಸಿಬಿಟ್ಟಳು. ಅಲ್ಲಿಯವರೆಗೆ ಕುಸಿಯುತ್ತಿದ್ದ ವಿಮಾನ ಇಂಚಿಂಚಾಗಿ ಮೇಲೇರಿತು. ಮರಗಳು ಕೆಳಗೆ ಉಳಿದವು. ಆಕೆ ಸುತ್ತು ಹಾಕಿ ಬಂದು, ಒದರುತ್ತಿದ್ದ ಆ ಒಂದೇ ಎಂಜಿನ್ನಿನ ಬಲದಿಂದ ವಿಮಾನ ಇಳಿಸಿದಳು.

ನೆಲ ಮುಟ್ಟಿದ ಮೇಲೆ ವರ್ತಕ ಎಡಗಡೆಯ ಎಂಜಿನ್ನಿನ ಮುಂದೆ ನಿಂತ.

"ಇದು ಎಷ್ಟು ಚೆನ್ನಾಗಿ ತಿರುಗ್ತಿತ್ತಲ್ಲಮ್ಮಾ!"

"ಅದು ತಿರುಗ್ತಿರಲಿಲ್ಲ ಸ್ವಾಮಿ. ಗಾಳಿ ತಿರುಗಿಸ್ತಿತ್ತು. ಆ ಗಾಳಿಗೆ ಎದುರಾಗಿ ಅದನ್ನೂ ನಮ್ಮನ್ನೂ ಎಳೀತಿದ್ದದ್ದು ನೀವು ಆರಿಸಲು ಹೋದ ಎಂಜಿನ್."

ಕತೆ ಮುಗಿಯಿತು. ಶಿಷ್ಯ ಹಾಯಾಗಿ ನಕ್ಕ. "ಹಾಗಾದರೆ ಆ ಶಿಕ್ಷಕಿ ಇರಲಿ ಅನ್ನುತ್ತೀರಿ," ಎಂದ.

ಗುರುತಾಯಿ ಅವನನ್ನೇ ನೋಡಿದಳು.

"ಅವಳ ಮಾತು ಬಿಡು, ನಾಳೆ ನಿನ್ನ ಸನ್ನೆಯನ್ನು ಹಿಂದಕ್ಕೆಳೆದರೆ, ಶಾಲೆಯಲ್ಲಿ ಏನು ಬದಲಾಗುತ್ತದೆ?"