ಒಂಟಿ ಚಪ್ಪಲಿಯ ಕಿಡಿ

ಯಕೃತ್ತಿನ ಒಂದು ಜೀವಕೋಶದಲ್ಲಿ ಮೈಟೋಕಾಂಡ್ರಿಯ ಎಂಬ ಒಲೆಯಮ್ಮ ಉರಿಯುತ್ತಿದ್ದಳು. ಮನೆಗೆಲ್ಲ ಅನ್ನ ಹಾಕುವವಳು ತಾನೇ ಎಂಬ ಹೆಮ್ಮೆ ಅವಳಿಗೆ. ಆ ಮನೆಯ ಗೋಡೆಯೆಂದರೆ ಕೈಕೈ ಹಿಡಿದು ನಿಂತ ಕೊಬ್ಬಿನ ಅಣುಗಳಾದ ಕೊಬ್ಬಕ್ಕಂದಿರ ಸಾಲು. ಎಲೆಕ್ಟ್ರಾನುಗಳೇ ಅವರ ಚಪ್ಪಲಿ. ಜೋಡಿ ತಪ್ಪಿದವರಿಗೆ ಅಲ್ಲಿ ಮರ್ಯಾದೆಯಿಲ್ಲ.

ಒಂದು ದಿನ ಒಲೆಯಿಂದ ಫ್ರೀ ರಾಡಿಕಲ್ ಎಂಬ ಒಂಟಿ ಚಪ್ಪಲಿಯ ಕಿಡಿಯೊಂದು ಹಾರಿ, ಒಬ್ಬ ಕೊಬ್ಬಕ್ಕನ ಕಾಲಿನ ಚಪ್ಪಲಿಯೊಂದನ್ನು ಕಿತ್ತುಕೊಂಡಿತು.

"ಅಯ್ಯೋ, ಕಳ್ಳ!" ಎಂದು ಕೂಗಿದ ಅವಳು ಪಕ್ಕದವಳ ಚಪ್ಪಲಿಗೆ ಕೈಹಾಕಿದಳು. "ಮದುವೆ ಛತ್ರದಲ್ಲಿ ಎಲ್ಲರೂ ಹೀಗೇ ತಾನೇ ಮಾಡೋದು?"

ಪಕ್ಕದವಳು ತನ್ನ ಪಕ್ಕದವಳದನ್ನು ಕಿತ್ತಳು. ಕಿತ್ತುಕೊಳ್ಳಲು ಕೈ ಬಿಟ್ಟಲ್ಲೆಲ್ಲ ಗೋಡೆ ಸೋರತೊಡಗಿತು.

"ಒಲೆಯಮ್ಮಾ, ಗೋಡೆ ಬೀಳ್ತಿದೆ!" ಎಂದು ಸಾಲಿನಲ್ಲಿದ್ದ ವಿಟಮಿನ್ ಇ ಅಜ್ಜಿ ಕೂಗಿದಳು.

"ಉರಿಯುವಲ್ಲಿ ಕಿಡಿ ಹಾರದೆ ಇರುತ್ತದೆಯೇ? ನಿಮಗೆ ಅನ್ನ ಬೇಕೋ, ಗೋಡೆ ಬೇಕೋ?"

ಅಜ್ಜಿ ತನ್ನತ್ತ ನುಗ್ಗಿದವಳಿಗೆ ತಾನೇ ಒಂದು ಚಪ್ಪಲಿ ಕಳಚಿ ಕೊಟ್ಟಳು. "ತಗೊಳ್ಳೇ. ನನಗೆ ಬರಿಗಾಲು ಅಭ್ಯಾಸ."

ಜಗಳಕ್ಕೆ ಟೊಂಕ ಕಟ್ಟಿದ್ದವಳು ನಾಚಿ, ಪಕ್ಕದವಳ ಕೈ ಹಿಡಿದು ನಿಂತಳು. ಗೋಡೆ ಉಳಿಯಿತು.

"ನೋಡಿದಿರಾ, ನನ್ನ ಗೋಡೆ ಎಷ್ಟು ಗಟ್ಟಿ!" ಎಂದು ಒಲೆಯಮ್ಮ ಬೀಗಿದಳು. ಬೀಗಿದ ರಭಸಕ್ಕೆ ಇನ್ನೊಂದು ಕಿಡಿ ಹಾರಿತು.

ಅಜ್ಜಿ ಉಳಿದ ಚಪ್ಪಲಿಯನ್ನೂ ಕಳಚಲು ಬಗ್ಗಿದಳು.